ಮುಚ್ಚಳ ಒತ್ತುವ ಯಂತ್ರ ಮತ್ತು ಅವ್ವನ ಮಜ್ಜಿಗೆ

ಮೊನ್ನೆ ನಮ್ಮ ಬೀದಿಗೆ ಬಂದ ಗುಜರಿಯವನು ಹಿತ್ತಿಲ ಮೂಲೆಯಲ್ಲಿದ್ದ ಕಬ್ಬಿಣದ ಸಾಮಾನೊಂದನ್ನು ಬಗ್ಗಿ ನೋಡಿದ. ಎತ್ತಲು ಹೋದ, ಆಗಲಿಲ್ಲ. ಸೊಂಟ ನೀವಿಕೊಳ್ಳುತ್ತ "ಇದೇನ್ ಸಾಮಿ, ಬೋರ್‌ವೆಲ್ ಪಂಪಾ?" ಎಂದು ಕೇಳಿದ. ನನಗೆ ರೇಗಿಹೋಯಿತು. ಉತ್ತರ ಕೊಡುವಷ್ಟರಲ್ಲಿ ನನ್ನ ಹೆಂಡತಿ ಸರ್ವಮಂಗಳ ಅಡುಗೆಮನೆಯಿಂದಲೇ, "ಅದು ನಮ್ಮನೆಯವರ ಫ್ಯಾಕ್ಟರಿ ಕಣಪ್ಪ. ಮೊದ್ಲು ಹಗ್ಗ ಬಿಚ್ಚು, ಆಮೇಲೆ ತಗೊಂಡು ಹೋಗು" ಎಂದಳು. ಹಗ್ಗ ಅಂದರೆ ಬಟ್ಟೆ ಒಣಹಾಕುವ ಹಗ್ಗ. ತರೀಕೆರೆಯ ಈ ಮನೆಗೆ ಬಂದಾಗಿನಿಂದ ಅದರ ಒಂದು ತುದಿ ನುಗ್ಗೆಮರಕ್ಕೆ, ಇನ್ನೊಂದು ತುದಿ ನನ್ನ ಯಂತ್ರದ ಹಿಡಿಗೆ. ನನ್ನ ಬದುಕಿನ ದೊಡ್ಡ ಕನಸಿನ ಮೇಲೆ ನನ್ನದೇ ಬನಿಯನ್ನು ಒಣಗುವುದನ್ನು ದಿನಾ ನೋಡುತ್ತ ಬಂದಿದ್ದೆ.

ಅದು ಸೋಡಾ ಬಾಟಲಿಗೆ ತಗಡಿನ ಮುಚ್ಚಳ ಒತ್ತುವ ಯಂತ್ರ. ಕೆಳಗೆ ಬಾಟಲಿ ನಿಲ್ಲಿಸಿ, ಬಾಯಿಗೆ ಮುಚ್ಚಳ ಇಟ್ಟು ಹಿಡಿ ಜಗ್ಗಿದರೆ ಕಟಕ್ ಎಂದು ಕೂರುತ್ತದೆ. ಅಷ್ಟೇ ಅದರ ಕೆಲಸ. ಆ 'ಕಟಕ್' ಕೇಳಲು ನಾನು ಪಟ್ಟ ಪಾಡು ಮಾತ್ರ ಯಾವ ಶತ್ರುವಿಗೂ ಬೇಡ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿ.ಎಸ್‌ಸಿ. ಮುಗಿಸಿ ಎರಡು ವರ್ಷ ಕಂಡಕಂಡ ಕಚೇರಿಗೆಲ್ಲ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದೆ. ನಮ್ಮೂರು ದೇವನೂರಿನ ಹತ್ತಿರದ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ಮಾತುಗಳನ್ನೆಲ್ಲ ಆಡುವ ಹಕ್ಕು ನನ್ನ ಸೋದರಮಾವ ಬಸವರಾಜಪ್ಪನಿಗೆ ಹೋಗಿತ್ತು. ಅವನಿಗೆ ತರೀಕೆರೆಯಲ್ಲಿ ಜವಳಿ ಅಂಗಡಿ. "ಬಾರಪ್ಪ ರೇಣು, ಸುಮ್ಕೆ ಕೂತು ಏನ್ ಮಾಡ್ತೀಯ? ಸೀರೆ ಬಿಚ್ಚಿ ತೋರ್ಸೋದು, ಮಡಚಿ ಇಡೋದು. ಗೌರವದ ಕೆಲಸ" ಎನ್ನುತ್ತಿದ್ದ. ಬಿಚ್ಚುವುದು, ಮಡಚುವುದು. ಮತ್ತೆ ಬಿಚ್ಚುವುದು! ರಸಾಯನಶಾಸ್ತ್ರ ಓದಿದವನು ಜೀವಮಾನವಿಡೀ ಸೀರೆ ಮಡಚಬೇಕೆ?

ಹೀಗಿರುವಾಗ ಒಂದು ಬೇಸಗೆ ಮಧ್ಯಾಹ್ನ ಕಡೂರು ಬಸ್ ನಿಲ್ದಾಣದಲ್ಲಿ ಅಜ್ಜಂಪುರದ ಬಸ್ಸಿಗೆ ಕಾಯುತ್ತಿದ್ದೆ. ಬಿಸಿಲೆಂದರೆ ಕಡೂರಿನ ಬಿಸಿಲು, ನೆತ್ತಿಯೊಳಗೇ ಇಳಿಯುತ್ತದೆ. ಬಾಯಾರಿಕೆಯಾಗಿ ಕ್ಯಾಂಟೀನಿನಲ್ಲಿ ಒಂದು ಕೆಂಪು ಬಣ್ಣದ ನೀರು ಕುಡಿದೆ. ನಾಲಿಗೆ ಕೆಂಪಾಯಿತು, ಬಾಯಾರಿಕೆ ಇನ್ನಷ್ಟು ಹೆಚ್ಚಿತು. ಆಗ ಹೊಳೆಯಿತು. ನಮ್ಮ ಮನೆಯಲ್ಲಿ ದಿನಾ ಕೊಡಗಟ್ಟಲೆ ಮಜ್ಜಿಗೆ ಬಂದವರ ಪಾಲಾಗುತ್ತಿದೆಯಲ್ಲ! ಅದನ್ನೇ ಬಾಟಲಿಗೆ ತುಂಬಿ, ಉಪ್ಪು, ಶುಂಠಿ, ಕರಿಬೇವು ಹಾಕಿ, ಮುಚ್ಚಳ ಒತ್ತಿ ಇಲ್ಲಿಟ್ಟರೆ? ಇಂದು ಅಂಗಡಿ ಅಂಗಡಿಯಲ್ಲೂ ಮಜ್ಜಿಗೆ ಪೊಟ್ಟಣ ನೇತಾಡುವುದನ್ನು ನೋಡಿದವರಿಗೆ ಇದರಲ್ಲೇನು ದೊಡ್ಡದು ಅನ್ನಿಸಬಹುದು. ಆಗ ಅದನ್ನು ಯೋಚಿಸಿದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ. ಹಾಗೆ ಯಾಕೆ ಬೇರೆ ಯಾರೂ ಯೋಚಿಸಿರಲಿಲ್ಲ ಎನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಯಾಕೆಂದರೆ ನಮ್ಮಲ್ಲಿ ಹಾಲು ಮಾರುತ್ತಾರೆ, ಬೆಣ್ಣೆ ಮಾರುತ್ತಾರೆ, ತುಪ್ಪ ಮಾರುತ್ತಾರೆ. ಮಜ್ಜಿಗೆ ಮಾರುವುದಿಲ್ಲ.

ಅವ್ವನ ಮಜ್ಜಿಗೆಯ ವಿಷಯ ನಿಮಗೆ ಹೇಳಲೇಬೇಕು. ನಾನು ಚಿಕ್ಕವನಿದ್ದಾಗ ಬೆಳಗ್ಗೆ ಎಚ್ಚರವಾಗುತ್ತಿದ್ದದ್ದೇ ಕಡಗೋಲಿನ ಸದ್ದಿಗೆ. ಕಂಬಕ್ಕೆ ಕಟ್ಟಿದ ಹಗ್ಗವನ್ನು ಅವ್ವ ಆ ಕಡೆ ಈ ಕಡೆ ಎಳೆಯುತ್ತಿದ್ದರೆ ನಾನು ಬೆಣ್ಣೆ ಬರುವುದನ್ನೇ ಕಾಯುತ್ತ ಅಂಗೈ ಚಾಚಿ ಕೂತಿರುತ್ತಿದ್ದೆ. ಬೆಣ್ಣೆಗಿಂತ ಅಂಗೈ ಮೇಲಿನ ಮಜ್ಜಿಗೆ ಹನಿ ನೆಕ್ಕುವುದೇ ರುಚಿ. ಆ ಹೆಪ್ಪು ಅವಳು ಮದುವೆಯಾಗಿ ಬರುವಾಗ ಬುಕ್ಕಾಂಬುಧಿಯ ತೌರುಮನೆಯಿಂದ ಕುಡಿಕೆಯಲ್ಲಿ ತಂದದ್ದು. ಗಂಡನ ಮನೆಯ ಹೆಪ್ಪನ್ನು ಅವಳು ಮೊದಲ ದಿನವೇ ಎಮ್ಮೆಯ ಕಲಗಚ್ಚಿಗೆ ಸುರಿದಳಂತೆ. ಈ ಕಥೆಯನ್ನು ನನ್ನಜ್ಜಿ ಸಾಯುವವರೆಗೂ ಮರೆಯಲಿಲ್ಲ.

ಬೆಣ್ಣೆ ತೆಗೆಯುವ ಹೊತ್ತಿಗೆ ಹಿತ್ತಿಲಲ್ಲಿ ತಂಬಿಗೆಗಳ ಸಾಲು. ಇಲ್ಲ ಎನ್ನುವ ಮಾತೇ ಅವ್ವನಿಗೆ ಗೊತ್ತಿರಲಿಲ್ಲ. ಆದರೆ ಅವಳ ಕಾನೂನುಗಳು ನೂರೆಂಟು. ದೀಪ ಹಚ್ಚಿದ ಮೇಲೆ ಹೈನು ಹೊಸಿಲು ದಾಟಬಾರದು. ಮಂಗಳವಾರ, ಶುಕ್ರವಾರ ಹಗಲೂ ದಾಟಬಾರದು. ಕೊಡಲೇಬೇಕಾದರೆ ಒಂದು ಹರಳು ಉಪ್ಪು ಹಾಕಿ ಕೊಡಬೇಕು, ಉಪ್ಪು ಬಿದ್ದರೆ ಅದು ಹೈನಲ್ಲ, ಅಡುಗೆ. ಇನ್ನೊಂದು ಕಾನೂನು ಯಾರೂ ಬಾಯಿಬಿಟ್ಟು ಹೇಳದ್ದು. ಸಾಲಿನ ಕೊನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದಾಚೆ ಹನುಮಕ್ಕ ನಿಲ್ಲುತ್ತಿದ್ದಳು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವಳು, ಆಚೆ ಕೇರಿಯವಳು. ಉಳಿದವರ ತಂಬಿಗೆ ಅವ್ವನ ಕೈಗೆ ಬಂದು ಹೋಗುತ್ತಿತ್ತು. ಹನುಮಕ್ಕನ ತಂಬಿಗೆ ಮಾತ್ರ ನೆಲದ ಮೇಲೆ ಕೂರುತ್ತಿತ್ತು, ಮಜ್ಜಿಗೆ ಮೇಲಿನಿಂದ ಬೀಳುತ್ತಿತ್ತು. ಒಂದು ಹನಿ ಚೆಲ್ಲದಂತೆ ಅಷ್ಟೆತ್ತರದಿಂದ ಹುಯ್ಯುವ ಅವ್ವನ ಕೈಚಳಕ ನೋಡಿ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇಂಥ ಅವ್ವನ ಮುಂದೆ ನಾನು ನನ್ನ ಯೋಜನೆ ಇಟ್ಟೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

"ಮಜ್ಜಿಗೆ ಮಾರ್ತಾರೇನೋ ಯಾರಾದ್ರೂ? ಬಾಯಾರಿ ಬಂದೋರ ತಾವ ಕಾಸು ಇಸ್ಕೊಳೋದಾ? ನಾಳೆ ಬಾವಿ ನೀರೂ ಮಾರ್ತೀಯ."

ನಾಳೆ ನೀರೂ ಮಾರುತ್ತಾರೆಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎರಡು ದಿನ ವಾದ ಮಾಡಿದೆ. ಕೊನೆಗೆ, "ಅವ್ವ, ನಾನು ಮಜ್ಜಿಗೆ ಮಾರಲ್ಲ. ಬಾಟ್ಲಿ ಮಾರ್ತೀನಿ. ಮಜ್ಜಿಗೆ ಅದ್ರೊಳಗೆ ಪುಕ್ಕಟೆ ಇರ್ತದೆ" ಎಂದೆ.

"ಬಾಟ್ಲಿ ವಾಪಸ್ ಇಸ್ಕೊಂತೀಯಲ್ಲೋ."

"ಮುಚ್ಚಳ ಇಸ್ಕೊಳಲ್ಲ. ಮುಚ್ಚಳ ಮಾರ್ತೀನಿ ಅಂದ್ಕೋ."

ಅವ್ವ ಬಹಳ ಹೊತ್ತು ಯೋಚಿಸಿದಳು. ಮುಚ್ಚಳ ಮಾರುವುದರಲ್ಲಿ ಅವಳಿಗೆ ಪಾಪ ಕಾಣಿಸಲಿಲ್ಲ. ಮಂಗಳವಾರ ಶುಕ್ರವಾರದ ತಕರಾರನ್ನು ಅವಳದೇ ಉಪ್ಪಿನ ಕಾನೂನು ತೋರಿಸಿ ಗೆದ್ದೆ. ಒಂದು ಷರತ್ತು ಮಾತ್ರ ಅವಳು ಬಿಡಲಿಲ್ಲ: "ಮೊದ್ಲು ತಂಬಿಗೆ, ಆಮೇಲೆ ನಿನ್ ಬಾಟ್ಲಿ."

ಮಾವನಿಗೆ ವಿಷಯ ತಿಳಿದು ಬಸ್ಸು ಹಿಡಿದು ಬಂದ. "ಮಜ್ಜಿಗೆಗೆ ಬಂದವನಿಗೆ ಎಮ್ಮೆ ಕ್ರಯ ಯಾಕೆ ಅಂತಾರೆ. ನೀನು ಎಮ್ಮೆ ಬಿಟ್ಟು ಮಜ್ಜಿಗೆ ಕ್ರಯ ಕಟ್ಟೋಕೆ ಹೊರಟಿದೀಯಲ್ಲೋ" ಎಂದು ನಕ್ಕ. ಕೊನೆಗೆ ಒಪ್ಪಂದವಾಯಿತು. ಮುಂದಿನ ಯುಗಾದಿಯವರೆಗೆ ನನಗೆ ಬಿಡುವು. ಅಷ್ಟರೊಳಗೆ ನನ್ನ ಉದ್ಯಮ ಕಾಲೂರಿದರೆ ಸರಿ. ಇಲ್ಲವಾದರೆ ಹಬ್ಬದ ಮಾರನೆಯ ದಿನ ಸೀರೆ.

ಉದ್ಯಮ ಎಂದ ಮೇಲೆ ಸರಕಾರದ ನೆರವು ಕೇಳಬೇಡವೆ? ಒಂದು ಕಚೇರಿಗೆ ಹೋದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿನ ಸಾಹೇಬರು ಒಳ್ಳೆಯವರೇ, ಅರ್ಜಿಯ ನಮೂನೆ ಮಾತ್ರ ಕೆಟ್ಟದ್ದು.

"ಕಚ್ಚಾ ವಸ್ತು ಏನ್ರೀ?"

"ಹಾಲು ಸಾರ್."

"ಅದರಿಂದ ಏನು ತೆಗೀತೀರಿ?"

"ಬೆಣ್ಣೆ."

"ಹಾಗಾದ್ರೆ ಉತ್ಪನ್ನ ಬೆಣ್ಣೆ ಅಂತ ಬರೀಲಾ?"

"ಇಲ್ಲ ಸಾರ್, ಮಜ್ಜಿಗೆ."

"ಅದು ಬೆಣ್ಣೆ ತೆಗೆದ ಮೇಲೆ ಉಳಿಯೋದಲ್ವೇನ್ರೀ? ಅದು ತ್ಯಾಜ್ಯ ಆಯ್ತು." ಅವರು ಪೆನ್ನು ಕೆಳಗಿಟ್ಟು ನಿಜವಾದ ಸಂಕಟದಿಂದ ನನ್ನನ್ನು ನೋಡಿದರು. "ತ್ಯಾಜ್ಯ ಎಲ್ಲಿ ವಿಲೇವಾರಿ ಮಾಡ್ತೀರಿ ಅನ್ನೋದಕ್ಕೆ ಕಾಲಂ ಇದೆ. ಅದನ್ನ ಜನಕ್ಕೆ ಕುಡಿಸ್ತೀವಿ ಅಂತ ಬರೆಯೋಕಾಗಲ್ಲ ಕಣ್ರೀ."

ನೆರವು ಹಾಳಾಗಲಿ ಎಂದುಕೊಂಡು ತರೀಕೆರೆಯಲ್ಲಿ ಮುಚ್ಚಿಹೋಗಿದ್ದ ಒಂದು ಸೋಡಾ ಕಾರ್ಖಾನೆಯಿಂದ ಈ ಯಂತ್ರವನ್ನೂ ಎರಡು ಕ್ರೇಟು ಬಾಟಲಿಗಳನ್ನೂ ತಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಲೇಬಲ್ಲೂ ಅಚ್ಚು ಹಾಕಿಸಿದೆ. ಅವ್ವನ ಹೆಸರು ಗಂಗಮ್ಮ. ಪ್ರೀತಿಯಿಂದ 'ಗಂಗಾ ಮಜ್ಜಿಗೆ' ಎಂದು ಹೆಸರಿಟ್ಟೆ. ಅವ್ವ ಲೇಬಲ್ಲನ್ನು ದೂರ ಹಿಡಿದು ಓದಿ, "ನನ್ನೆಸ್ರು ಕುಡುದು ಚರಂಡಿಗೆ ಎಸೀಲಿ ಅಂತಾ?" ಎಂದು ಕೇಳಿ, ಎಲ್ಲವನ್ನೂ ಒಲೆಗೆ ಹಾಕಿದಳು. ನನ್ನ ಮಜ್ಜಿಗೆ ಹೆಸರಿಲ್ಲದೆಯೇ ಲೋಕಕ್ಕೆ ಬಂತು.

ಕಡೂರು ಬಸ್ ನಿಲ್ದಾಣದ ಕ್ಯಾಂಟೀನಿನ ಕೃಷ್ಣಯ್ಯನವರು ಖಡಾಖಂಡಿತದ ಮನುಷ್ಯ. "ನೋಡಪ್ಪ, ಶಿವರಾತ್ರಿಯಿಂದ ಯುಗಾದಿವರ್ಗೂ ಒಂದಿನಾನೂ ತಪ್ಪದಂಗೆ ತಂದು ಕೊಡು. ಜನ ಕುಡಿದ್ರೆ ಬೇಸಗೆ ಪೂರಾ ನಿಂದೇ ಇಡ್ತೀನಿ, ಬಣ್ಣದ ನೀರು ತೆಗೆದಾಕ್ತೀನಿ. ಒಂದಿನ ತಪ್ಪಿದ್ರೆ ನೀ ಯಾರೋ ನಾ ಯಾರೋ" ಎಂದರು. ಬೇಸಗೆ ಪೂರಾ ಸಿಕ್ಕಿದರೆ ಬೀರೂರು, ತರೀಕೆರೆ, ಅಜ್ಜಂಪುರ ಎಲ್ಲ ನಿಲ್ದಾಣಕ್ಕೂ ಹೋಗಬಹುದು. ಆಗಲೇ ಮನಸ್ಸಿನಲ್ಲಿ ಒಂದು ವ್ಯಾನು ಕೊಂಡು, ಅದಕ್ಕೆ ನೀಲಿ ಬಣ್ಣವನ್ನೂ ಹೊಡೆಸಿಬಿಟ್ಟೆ.

ಮೊದಲ ವಾರ ನಾನು ಓದಿದ ರಸಾಯನಶಾಸ್ತ್ರ ನನ್ನನ್ನು ನೋಡಿ ಹಲ್ಲು ಕಿರಿಯಿತು. ಹುಳಿ ಬರುವ ವಸ್ತುವನ್ನು ಗಟ್ಟಿಯಾಗಿ ಮುಚ್ಚಿ ಬೇಸಗೆಯ ಬಸ್ಸಿನಲ್ಲಿ ಕುಲುಕಿದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ. ಹಿಂದಿನ ದಿನವೇ ತುಂಬಿಟ್ಟ ಬಾಟಲಿಗಳನ್ನು ಬಸ್ಸಿಗೇರಿಸಿದ್ದೆ. ದೇವನೂರು ದಾಟುತ್ತಿದ್ದಂತೆ ಸೀಟಿನಡಿ ಒಂದು ಮುಚ್ಚಳ ಢಬ್ ಎಂದಿತು. ಇನ್ನೊಂದು. ಮತ್ತೊಂದು. ಮದುವೆಗೆ ಹೊರಟಿದ್ದ ಯಜಮಾನರೊಬ್ಬರ ಗರಿಗರಿ ಪಂಚೆಗೆ ಕರಿಬೇವಿನ ಸಮೇತ ಅಭಿಷೇಕವಾಯಿತು. ಕಂಡಕ್ಟರು ಬಸ್ಸು ನಿಲ್ಲಿಸಿ, "ಏನ್ರೀ ಇದು, ಪಟಾಕಿನಾ?" ಎಂದು ಕೂಗಿದ. ಮಜ್ಜಿಗೆ ಎಂದರೆ ಯಾರೂ ನಂಬಲಿಲ್ಲ. ಯಜಮಾನರು ಪಂಚೆಯ ತುದಿ ನೆಕ್ಕಿ ನೋಡಿ, "ಮಜ್ಜಿಗೇನೇ. ಉಪ್ಪು ಒಂಚೂರು ಜಾಸ್ತಿ" ಎಂದು ತೀರ್ಪು ಕೊಟ್ಟರು.

ಆಮೇಲೆ ಅವ್ವ ಹೇಳಿದಂತೆ ಬೆಳಗ್ಗೆ ಕಡೆದದ್ದನ್ನು ಬೆಳಗ್ಗೆಯೇ ತುಂಬಿ, ಒದ್ದೆ ಗೋಣಿ ಸುತ್ತಿ ಒಯ್ಯತೊಡಗಿದೆ. ಜನ ಕುಡಿದರು. ಇನ್ನೊಂದು ಕೊಡಿ ಎಂದರು. ಆದರೆ ತುಂಬಲು ಮಜ್ಜಿಗೆಯೇ ಸಾಲದು, ಯಾಕೆಂದರೆ 'ಮೊದ್ಲು ತಂಬಿಗೆ'. ಮಗನ ಫ್ಯಾಕ್ಟರಿ ಶುರುವಾಯಿತೆಂದು ತಿಳಿದು, ಇನ್ನು ಮಜ್ಜಿಗೆ ಸಿಗುವುದೋ ಇಲ್ಲವೋ ಎಂಬ ಭಯಕ್ಕೆ ಎಂದೂ ಬಾರದವರೂ ತಂಬಿಗೆ ಹಿಡಿದು ಬರತೊಡಗಿದ್ದರು! ಒಂದು ಬೆಳಗ್ಗೆ ಬಸ್ಸಿಗೆ ಹೊತ್ತಾಗಿತ್ತು, ಆರು ಬಾಟಲಿ ಖಾಲಿ ಇದ್ದವು, ಕಲ್ಲಿನಾಚೆ ಹನುಮಕ್ಕ ಬಂದು ನಿಂತಳು. "ಇವತ್ತಿಲ್ಲ ಹನುಮಕ್ಕ" ಎಂದುಬಿಟ್ಟೆ. ಅವಳು ತಂಬಿಗೆ ಎತ್ತಿಕೊಂಡು ಹೋದಳು. ಒಳಗಿದ್ದ ಅವ್ವ ಅದನ್ನು ಕೇಳಿಸಿಕೊಂಡಿದ್ದಳು. ಮಾರನೆಯ ದಿನ ನನ್ನ ಮುಂದೆಯೇ ತುಂಬಿದ್ದ ಎರಡು ಬಾಟಲಿಗಳನ್ನು ಚೊಂಬಿಗೆ ಸುರಿದುಕೊಂಡು ಹನುಮಕ್ಕನ ತಂಬಿಗೆಗೆ ಹುಯ್ದಳು. ಎತ್ತರದಿಂದಲೇ. ನನಗೆ ಬಂದ ಸಿಟ್ಟಿಗೆ ಯಂತ್ರದ ಹಿಡಿ ಮುರಿಯದೆ ಉಳಿದದ್ದೇ ಹೆಚ್ಚು.

ಹೀಗೆ ಹೆಣಗಿ, ಹಲ್ಲು ಕಚ್ಚಿ, ಒಂದು ದಿನವೂ ತಪ್ಪಿಸದೆ ಯುಗಾದಿಯ ಹಿಂದಿನ ದಿನಕ್ಕೆ ಬಂದು ಮುಟ್ಟಿದೆ. ಅದೊಂದು ದಿನ ದಾಟಿದರೆ ಬೇಸಗೆ ನನ್ನದು. ಅವ್ವ, "ನಾನೂ ಬತ್ತೀನಿ ಕಣೋ, ತರೀಕೆರೇಲಿ ಅಣ್ಣನ ಅಂಗಡೀಲಿ ಹಬ್ಬದ ಬಟ್ಟೆ ತರಬೇಕು" ಎಂದಳು. ಬೇಡ ಎನ್ನಬೇಕಿತ್ತು. ಬುದ್ಧಿ ಯಾವಾಗಲೂ ಮುಂದಿನ ಬಸ್ಸಿಗೇ ಬರುವುದು.

ಕಡೂರಿನಲ್ಲಿ ಇಳಿದರೆ ಜಾತ್ರೆಯಂತೆ ಜನ. ಅಜ್ಜಂಪುರದ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು, ನಿಲ್ದಾಣದ ನಲ್ಲಿಯಲ್ಲಿ ನೀರಿರಲಿಲ್ಲ. ಕೃಷ್ಣಯ್ಯನವರು ಊಟಕ್ಕೆ ಹೋಗಿದ್ದರು. ಕ್ರೇಟುಗಳನ್ನು ಕ್ಯಾಂಟೀನಿನ ಮುಂದಿಟ್ಟು, "ನೋಡ್ಕೋತಿರವ್ವ, ತರೀಕೆರೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕೊಂಡ್ ಬತ್ತೀನಿ" ಎಂದು ಹೋದೆ. ವಿಚಾರಿಸುವ ಕಿಟಕಿಯಲ್ಲಿ ಕಾಲು ಗಂಟೆ ಹಿಡಿಯಿತು.

ತಿರುಗಿ ಬಂದಾಗ ಅವ್ವ ಮದುವೆ ಮನೆಯ ಯಜಮಾನಿಯ ಹಾಗೆ ಸೆರಗು ಸಿಕ್ಕಿಸಿ ನಿಂತಿದ್ದಳು. ಕ್ಯಾಂಟೀನಿನ ಕಂಬಕ್ಕೆ ಹುರಿಯಲ್ಲಿ ಕಟ್ಟಿದ್ದ ಓಪನರು ಅವಳ ಕೈಯಲ್ಲಿ. ಅಳುವ ಮಗುವಿನ ತಾಯಿಯೊಬ್ಬಳು ಗುಟುಕು ನೀರು ಕೇಳಿದಳಂತೆ; ಅಲ್ಲಿಂದ ಶುರು. "ತಗಳಪ್ಪ, ಬಿಸ್ಲಲ್ಲಿ ಬಂದಿದೀಯ." "ಅಯ್ಯೋ, ಕಾಸು ಯಾಕ್ರಪ್ಪಾ, ಮಜ್ಜಿಗೆ ಅಲ್ವೇ?" ನಾನು ಒಂದು ತಿಂಗಳು ಕೈ ಬೊಬ್ಬೆ ಬರಿಸಿಕೊಂಡು ಒತ್ತಿದ ಮುಚ್ಚಳಗಳು ಅವಳ ಕಾಲಡಿ ಬಿದ್ದಿದ್ದವು. "ಅವ್ವಾ!" ಎಂದು ಕಿರುಚಿದೆ. ಅವಳು ತಿರುಗಿಯೂ ನೋಡಲಿಲ್ಲ.

ಗುಂಪಿನಾಚೆ, ಮರದ ಕೆಳಗೆ ಹನುಮಕ್ಕ ನಿಂತಿದ್ದಳು. ಅಜ್ಜಂಪುರದಲ್ಲಿರುವ ಮಗಳ ಮನೆಗೆ ಹೊರಟವಳು. ಅವ್ವನ ಕಣ್ಣಿಗೆ ಬಿದ್ದಳು. "ಬಾರೇ ಹನುಮಕ್ಕ." ಹನುಮಕ್ಕ ಬಂದು, ರೂಢಿಯಂತೆ ಮಾರು ದೂರ ಕೂತು, ಬೊಗಸೆ ಒಡ್ಡಿದಳು. "ಹುಯ್ಯವ್ವಾ." ಅವ್ವ ಮೇಲಿನಿಂದ ಬಾಟಲಿ ಬಗ್ಗಿಸಿದಳು. ಚೊಂಬಲ್ಲ ಅದು, ಕಿರಿಬಾಯಿಯ ಸೋಡಾ ಬಾಟಲಿ. ಗುಳುಕ್ ಗುಳುಕ್ ಎಂದು ಅಡ್ಡಾದಿಡ್ಡಿ ಚಿಮ್ಮಿ ಅರ್ಧ ಮಣ್ಣಿಗೆ ಹೋಯಿತು. ಚೆಲ್ಲುವುದನ್ನು ಅವ್ವ ಎಂದೂ ಸಹಿಸಿದವಳಲ್ಲ.

"ಥೂ, ಎಲ್ಲಾ ಮಣ್ಣುಪಾಲಾಯ್ತದೆ. ಹಿಡ್ಕಳೇ ಇತ್ಲಾಗೆ" ಎಂದು ರೇಗಿ, ಹನುಮಕ್ಕನ ಕೈ ಹಿಡಿದು ಎಳೆದು, ಬಾಟಲಿಯನ್ನು ಅವಳ ಕೈಯೊಳಗಿಟ್ಟುಬಿಟ್ಟಳು. ಇಟ್ಟ ಮೇಲೆ ಇಬ್ಬರೂ ಆ ಬಾಟಲಿಯನ್ನೇ ನೋಡಿದರು. ಆಮೇಲೆ ಹನುಮಕ್ಕ ಕುಡಿದಳು. ಅವ್ವ ಮುಂದಿನ ಬಾಟಲಿ ತೆಗೆದಳು.

ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ಆದರೆ ನನಗೆ ಆಗ ಕಂಡದ್ದು ಖಾಲಿ ಕ್ರೇಟು ಮಾತ್ರ.

ಕೃಷ್ಣಯ್ಯನವರು ಊಟ ಮುಗಿಸಿ ಹಲ್ಲು ಚುಚ್ಚುತ್ತ ಬಂದರು. ನೋಡಿದರು. ಬೈಯಲಿಲ್ಲ. ಅವ್ವ ಅವರಿಗೂ ಒಂದು ಬಾಟಲಿ ಕೊಟ್ಟಳು, ಕುಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳ್ಕೋಬೇಡಪ್ಪ. ನಾಳೆಯಿಂದ ಇವರೆಲ್ಲಾ ನನ್ನ ತಾವ ಪುಕ್ಕಟೆ ಮಜ್ಜಿಗೆ ಕೇಳ್ತಾರೆ. ಇಲ್ಲ ಅಂದ್ರೆ ಆ ತಾಯಿ ಕೊಟ್ರಲ್ಲ ಅಂತಾರೆ. ನಿಮ್ಮವ್ವನ ಎದುರಿಗೆ ಯಾವ ವ್ಯಾಪಾರಾನೂ ನಿಲ್ಲಲ್ಲ" ಎಂದರು. ಅಲ್ಲಿಗೆ ಮುಗಿಯಿತು.

ತರೀಕೆರೆಯ ಬಸ್ಸಿನಲ್ಲಿ ಖಾಲಿ ಕ್ರೇಟು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವ್ವ ಕಿಟಕಿಯಾಚೆ ನೋಡುತ್ತ, "ಮುಚ್ಚಳ ಮಾತ್ರ ಚೆನ್ನಾಗಿ ಒತ್ತಿದ್ದೆ ಕಣೋ, ಬಿಚ್ಚೋಕೆ ಕೈಯೆಲ್ಲಾ ನೋವು" ಎಂದಳು. ಹೊಗಳಿಕೆ ಎಂದು ತಿಳಿದುಕೊಳ್ಳಬೇಕೇನೋ.

ಹಬ್ಬದ ಮಾರನೆಯ ದಿನ ಸೀರೆ ಮಡಚಲು ಕೂತೆ. ಕೂತವನು ಮೂವತ್ತು ವರ್ಷ ಏಳಲಿಲ್ಲ. ಇನ್ನೂ ಹೊಟ್ಟೆ ಉರಿಯುವ ವಿಷಯ ಕೇಳಿ. ಮಗ ಅಂಗಡಿಯ ಸೆಕೆಯಲ್ಲಿ ಕೂರುತ್ತಾನೆಂದು ಅವ್ವ ಆ ಬೇಸಗೆಯಿಂದಲೇ ಬಸ್ಸಿನವರ ಕೈಲಿ ದಿನಾ ಒಂದು ಕ್ಯಾನು ಮಜ್ಜಿಗೆ ಕಳಿಸತೊಡಗಿದಳು. ಒಬ್ಬನೇ ಎಷ್ಟು ಕುಡಿಯಲಿ? ಬಂದ ಗಿರಾಕಿಗಳಿಗೆ ಕೊಟ್ಟೆ. ಲಿಂಗದಹಳ್ಳಿ ಕಡೆಯಿಂದ ಮದುವೆ ಜವಳಿಗೆ ಬಂದವರು ಬೇರೆ ಅಂಗಡಿ ಬಿಟ್ಟು ನಮ್ಮಲ್ಲಿಗೇ ಬರತೊಡಗಿದರು. ಜನರ ಬಾಯಲ್ಲಿ ಅದು 'ಮಜ್ಜಿಗೆ ಅಂಗಡಿ'ಯಾಯಿತು. ಮಾವ ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು, "ನಾನು ಅವಾಗ್ಲೇ ಹೇಳಿರಲಿಲ್ವಾ, ಮಜ್ಜಿಗೇಲಿ ಲಾಭ ಐತೆ ಅಂತ" ಎಂದ! ನನ್ನ ಕೈಯಲ್ಲಿ ಕತ್ತರಿ ಇತ್ತು. ತಡೆದುಕೊಂಡೆ.

ಮೊನ್ನೆ ಆ ಗುಜರಿಯವನು ಹಗ್ಗ ಬಿಚ್ಚಿ, ಸರ್ವಮಂಗಳ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕವುಚಿಟ್ಟು, "ಬಾಟ್ಲಿ ಏನಾದ್ರೂ ಇದಾವಾ ಸಾಮಿ?" ಎಂದು ಕೇಳಿದ.

ಬಾಟಲಿಗಳೆಲ್ಲ ಆ ದಿನವೇ ಬಸ್ಸು ಹತ್ತಿ ಊರೂರಿಗೆ ಹೋದವು. ಕ್ರೇಟಿಗೆ ವಾಪಸು ಬಂದದ್ದು ಕೆಲವೇ, ಅವೂ ಆಮೇಲೆ ಒಡೆದವು. ಇನ್ನೊಂದು ಮಾತ್ರ ಮನೆಯವರೆಗೂ ಬಂತು. ಹಬ್ಬ ಕಳೆದ ಮೇಲೆ ನಾನು ಟ್ರಂಕು ಕಟ್ಟುತ್ತಿದ್ದ ಬೆಳಗ್ಗೆ ಹನುಮಕ್ಕ ಹಿತ್ತಿಲಿಗೆ ಬಂದಳು. ಕೈಯಲ್ಲಿ ತಂಬಿಗೆ ಇರಲಿಲ್ಲ. ಬೂದಿ ಹಾಕಿ ತೊಳೆದು ಫಳಫಳ ಮಾಡಿದ ನನ್ನ ಸೋಡಾ ಬಾಟಲಿ ಇತ್ತು. ಅದನ್ನು ಕಲ್ಲಿನ ಪಕ್ಕ ನೆಲದ ಮೇಲಿಟ್ಟು ನಿಂತಳು. ಅವ್ವ ಚೊಂಬು ಎತ್ತಿ ಮೇಲಿನಿಂದ ಹುಯ್ದಳು. ಅಷ್ಟು ಪಳಗಿದ ಕೈಗೂ ಆ ಕಿರಿಬಾಯಿ ಸಿಕ್ಕಲಿಲ್ಲ. ಮಜ್ಜಿಗೆ ಬಾಟಲಿಯ ಮೈಮೇಲೆ ಹರಿಯಿತು. ಅವ್ವ ಗೊಣಗುತ್ತ ಕಲ್ಲು ದಾಟಿ ಹೋಗಿ, ಬಾಟಲಿಯನ್ನು ಎಡಗೈಯಲ್ಲಿ ಹಿಡಿದು, ಬಾಯಿಗೆ ಚೊಂಬು ತಾಗಿಸಿ ತುಂಬಿ, ಹನುಮಕ್ಕನ ಕೈಗೆ ಕೊಟ್ಟಳು. ಮಾರನೆಯ ದಿನವೂ ಹಾಗೆಯೇ ಆಯಿತಂತೆ. ಆಮೇಲೆ ದಿನವೂ ಹಾಗೆಯೇ. ಅದರ ಬಗ್ಗೆ ಅವರಿಬ್ಬರೂ ಎಂದೂ ಮಾತಾಡಿದವರಲ್ಲ.

ಹನುಮಕ್ಕನ ಮನೆಯಲ್ಲಿ ತಂಬಿಗೆ ಇತ್ತು. ನಾನು ಬಲ್ಲೆ. ಅದನ್ನು ಅಲ್ಲೇ ಬಿಟ್ಟು ಬಾಟಲಿ ತಂದದ್ದು ಮರೆವಿನಿಂದಲ್ಲ ಎನ್ನುವುದು ತಿಳಿಯಲು ಬಿ.ಎಸ್‌ಸಿ. ಓದಿದ ನನಗೆ ಬಹಳ ವರ್ಷ ಬೇಕಾಯಿತು. ಬಾಟಲಿ ತಂದವನು ನಾನು; ಅದು ಯಾತಕ್ಕೆ ಬರುತ್ತದೆಂದು ಕಂಡುಕೊಂಡವಳು ಅವಳು.

"ಬಾಟ್ಲಿ ಇಲ್ಲಪ್ಪ" ಎಂದೆ. ಅವನೂ ನಾನೂ ಸೇರಿ ಯಂತ್ರವನ್ನು ಗಾಡಿಗೆ ಏರಿಸಿದೆವು. ಅವನು ತಕ್ಕಡಿ ತೆಗೆಯಲು ಹೋದಾಗ ಏನನ್ನಿಸಿತೋ, "ತೂಗೋದೇನೂ ಬೇಡ, ಹಂಗೇ ತಗೊಂಡು ಹೋಗು" ಎಂದೆ.

ಸರ್ವಮಂಗಳ ಹೊಸಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು. "ಗುಜರೀನೂ ಮಾರೋಕೆ ಬರಲ್ವಲ್ರೀ ನಿಮಗೆ!"